ಮೂರು ತಿಂಗಳ ಸ್ವಯಂಸೇವಕ, ವರ್ಷವಿಡೀ ಬೇಕಾದ ಕೈತೋಟ

ಧಾರವಾಡ: ದೂರದೇಶದಿಂದ ಬಂದು ಹಳ್ಳಿಯ ಶಾಲೆಯಲ್ಲಿ ಸಂಬಳವಿಲ್ಲದೆ ದುಡಿಯುವವರು ಧಾರವಾಡ ಸೀಮೆಗೆ ಅಪರಿಚಿತರಲ್ಲ. ಇಂಥವರು ಇಲ್ಲಿ ನೆಲೆಗೊಳ್ಳುವುದು ಹೇಗೆ? ಮಕ್ಕಳ ಊಟಕ್ಕೆ ಕಾಯಿಪಲ್ಯ ಬೆಳೆಯಲು ಮುಂದಾದರೆ ಈ ನೆಲ ಅವರಿಂದ ಏನನ್ನು ಬೇಡುತ್ತದೆ?

ಹಳೆಯ ನಂಟು

ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಮೊದಲು ನೆಲೆಸಿದ್ದು ಧಾರವಾಡದಲ್ಲೇ. ಬಂದದ್ದು ಧರ್ಮಪ್ರಚಾರಕ್ಕಾದರೂ ಅವರು ಮೊದಲು ಕಲಿತದ್ದು ಕನ್ನಡ. ಅವರ ನಿಘಂಟು 1894ರಲ್ಲಿ ಪ್ರಕಟವಾಯಿತು.

ನಮ್ಮ ಕಾಲದ ಉದಾಹರಣೆ ಧಾರವಾಡದ ಪಶ್ಚಿಮಕ್ಕೆ ಕಾಡಂಚಿನಲ್ಲಿರುವ ಕಲಕೇರಿ ಸಂಗೀತ ವಿದ್ಯಾಲಯ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಥ್ಯೂ ಫೋರ್ಟಿಯೆ, ಅಗಾಥ್ ಮುರಿಸ್ ಮೊದಲಾದವರು 2002ರಲ್ಲಿ ಆರಂಭಿಸಿದ ಈ ಶಾಲೆಯಲ್ಲಿ ಬಡ ಕುಟುಂಬಗಳ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತದೊಂದಿಗೆ ವಿದ್ಯೆ, ವಸತಿ, ಊಟ ಎಲ್ಲವೂ ಉಚಿತ. ವಿದೇಶಿ ಸ್ವಯಂಸೇವಕರ ನೆರವೂ ಅದಕ್ಕೆ ದೊರೆತಿದೆ.

ಮೊದಲು ಕಾಗದಪತ್ರ

ಪ್ರವಾಸಿ ವೀಸಾದಲ್ಲಿ ಬಂದವರು ಪ್ರತಿಫಲವಿಲ್ಲದ ಸೇವೆಯನ್ನು ಗರಿಷ್ಠ ಒಂದು ತಿಂಗಳು ಮಾತ್ರ ಮಾಡಬಹುದು. ಅದಕ್ಕಿಂತ ಹೆಚ್ಚು ಕಾಲ ನೋಂದಾಯಿತ ಸಂಸ್ಥೆಯಲ್ಲಿ ದುಡಿಯಬೇಕಾದರೆ, ಗೌರವಸೇವೆಗೂ ಉದ್ಯೋಗ ವೀಸಾ ಬೇಕು. ಸಂಸ್ಥೆಯ ಹೆಸರು, ಸ್ಥಳ ಅದರಲ್ಲಿ ನಮೂದಾಗಿರಬೇಕು. ವೀಸಾ ಅವಧಿ 180 ದಿನ ಮೀರಿದ್ದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ದಾಖಲಿಸಬೇಕು.

ಎಷ್ಟು ಬೇಕು?

ಸರ್ಕಾರಿ ಶಾಲೆಗಳ ಬಿಸಿಯೂಟದ ಮಾನದಂಡದಂತೆ ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕ ಹಂತದ ಮಗುವಿಗೆ 75 ಗ್ರಾಂ ತರಕಾರಿ ಬೇಕು. ಇದೇ ಲೆಕ್ಕದಲ್ಲಿ 200 ಮಕ್ಕಳಿರುವ ವಸತಿ ಶಾಲೆಯ ಒಂದು ಹೊತ್ತಿನ ಊಟಕ್ಕೇ 10ರಿಂದ 15 ಕಿಲೋ ಬೇಕಾಗುತ್ತದೆ. ತಿಂಗಳಿಗೆ 300 ಕಿಲೋಗೂ ಹೆಚ್ಚು. ಸಣ್ಣ ಕೈತೋಟ ಇಷ್ಟನ್ನು ಪೂರೈಸಲಾರದು. ಆದರೆ ಪೇಟೆಯಿಂದ ಬರುವಷ್ಟರಲ್ಲಿ ಬಾಡುವ ತಪ್ಪಲ ಪಲ್ಯವನ್ನು ತಾಜಾ ಒದಗಿಸಬಲ್ಲದು. ಮಕ್ಕಳ ಊಟದಲ್ಲಿ ಸಾಮಾನ್ಯವಾಗಿ ಕೊರತೆಯಾಗುವ ಕಬ್ಬಿಣಾಂಶ ಹಾಗೂ 'ಎ' ಜೀವಸತ್ವಕ್ಕೆ ಅದೇ ಆಧಾರ. ಕೇಂದ್ರ ಸರ್ಕಾರವೂ 2019ರಲ್ಲಿ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು.

ಮಣ್ಣಿನ ಗುಣ, ಮಳೆಯ ಲೆಕ್ಕ

ತಂಪುದೇಶದವರು ಮೊದಲು ಎಡವುವುದು ಋತುವಿನಲ್ಲಿ. ಅವರಿಗೆ ಬೇಸಿಗೆಯೆಂದರೆ ಬೆಳೆಯುವ ಕಾಲ. ಇಲ್ಲಿ ಏಪ್ರಿಲ್, ಮೇ ತಿಂಗಳುಗಳು ನೀರಿಗೆ ಪರದಾಡುವ ಕಾಲ. ಜೂನ್ ಮಳೆ ಹಿಡಿಯುವ ಮೊದಲೇ ಮಡಿ ಸಿದ್ಧವಾಗಬೇಕು. ಜಿಲ್ಲೆಯ ಪಶ್ಚಿಮದ ಮಸಾರಿ ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ತಿಪ್ಪೆಗೊಬ್ಬರ ಹೆಚ್ಚು ಬೇಕು. ನವಲಗುಂದ, ಕುಂದಗೋಳದ ಎರೆಭೂಮಿಯಲ್ಲಿ ನೀರು ನಿಲ್ಲುವುದರಿಂದ ಮಡಿಯನ್ನು ಎತ್ತರಿಸಬೇಕು.

ಮೆಂತ್ಯ, ರಾಜಗಿರಿ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ಪುಂಡಿ ಪಲ್ಯವನ್ನು ಚಿವುಟಿದಷ್ಟೂ ಚಿಗುರುತ್ತದೆ. ಬದನೆಗೆ ಸಸಿ ನೆಟ್ಟು ಸುಮಾರು ಎರಡು ತಿಂಗಳು ಕಾಯಬೇಕು. ನುಗ್ಗೆ, ಪಪ್ಪಾಯಿ ಫಲ ಕೊಡಲು ಅರ್ಧ ವರ್ಷಕ್ಕೂ ಹೆಚ್ಚು ಕಾಲ ಬೇಕು. ಕೈ ತೊಳೆದ ನೀರನ್ನು ಇವುಗಳ ಬುಡಕ್ಕೆ ಹರಿಸಬಹುದು.

ಬಿಟ್ಟು ಹೋದ ಮೇಲೆ

ನಿಜವಾದ ತೊಡಕು ಇರುವುದು ಇಲ್ಲಿಯೇ. ಮೂರು ತಿಂಗಳಿಗೆಂದು ಬಂದವರು ಮೆಂತ್ಯದ ಪಲ್ಯ ಉಂಡು ಹೋಗಬಹುದು. ತಾವು ನೆಟ್ಟ ನುಗ್ಗೆಯ ಕಾಯಿ ಕಾಣಲಾರರು. ಬೇಸಿಗೆ ರಜೆಯಲ್ಲಿ ಮಕ್ಕಳೂ ಊರಿಗೆ ಹೋಗುತ್ತಾರೆ. ನೀರುಣಿಸುವ ಹೊಣೆ ಯಾರದೆಂದು ಮೊದಲೇ ನಿಶ್ಚಯವಾಗದಿದ್ದರೆ ತೋಟ ಒಣಗಿ, ಮುಂದೆ ಬರುವವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಆದ್ದರಿಂದ ತೋಟದ ಯಜಮಾನಿಕೆ ಅಡುಗೆಯವರು, ಶಿಕ್ಷಕರು ಹಾಗೂ ಊರಿನ ಪಾಲಕರಲ್ಲಿರುವುದು ಲೇಸು. ಯಾವ ಮಡಿಗೆ ಏನು ಬಿತ್ತಲಾಗಿದೆ, ಯಾವಾಗ ಬಿತ್ತಲಾಗಿದೆ ಎಂಬ ದಾಖಲೆ ಕನ್ನಡದಲ್ಲಿರಬೇಕು. ಪ್ರತಿ ಬೆಳೆಯಿಂದ ಜವಾರಿ ಬೀಜ ಎತ್ತಿಡಬೇಕು. ಬಿತ್ತನೆಯ ಹದ, ಕೀಟದ ಉಪಾಯ ಬಲ್ಲ ರೈತರು ಪ್ರತಿ ಊರಿನಲ್ಲೂ ಇದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸಮೀಪದಲ್ಲಿದೆ. ಹೊರಗಿನಿಂದ ಬಂದವರು ಇವರ ಕೈಕೆಳಗೆ ಕಲಿಯುತ್ತ ದುಡಿದರೆ, ಅವರು ಮರಳಿದ ಬಳಿಕವೂ ಮಕ್ಕಳ ತಟ್ಟೆಗೆ ಪಲ್ಯ ಬರುವುದು ನಿಲ್ಲದು.