ಕಬ್ಬು ಹುಲ್ಲಾದರೆ ಯಾರ ಹೆಸರು ಹೇಳಬೇಕು?

ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಎಂದರೆ ಸುತ್ತಲಿನವರಿಗೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ. ಇಂಥ ಕಡೆ ಕಬ್ಬಿನ ಬುಡ ನೋಡಿಯೇ ಬೆಳೆಯ ಹಣೆಬರಹ ಹೇಳುವವರಿಗೆ ಬರವಿಲ್ಲ. ಆದರೆ ಒಂದು ಬಗೆಯ ಬುಡ ಎಂಥ ರೈತನ ಮುಖವನ್ನೂ ಬಾಡಿಸುತ್ತದೆ. ದಪ್ಪ ಜಲ್ಲೆ ಏಳಬೇಕಾದಲ್ಲಿ ಪೊರಕೆ ಕಡ್ಡಿಯಂಥ ಹತ್ತಾರು ತೆಂಡೆಗಳು ಒತ್ತೊತ್ತಾಗಿ ಎದ್ದಿರುತ್ತವೆ. ಗರಿ ಸಪೂರ, ಬಣ್ಣ ತೆಳು ಹಳದಿ, ಕೆಲವು ಪೂರಾ ಬಿಳಿ. ಅರೆಯಲು ಜಲ್ಲೆಯೇ ಇರುವುದಿಲ್ಲ. ಯಾರೋ ಕಬ್ಬಿನ ಸಾಲಿನಲ್ಲಿ ಹುಲ್ಲು ನೆಟ್ಟು ಹೋದಂತೆ ಕಾಣುತ್ತದೆ. ಕೂಳೆ ಬೆಳೆಯಲ್ಲಂತೂ ಇದರ ಕಾಟ ಇನ್ನೂ ಹೆಚ್ಚು.

ಕಬ್ಬನ್ನು ಹುಲ್ಲಾಗಿಸುವ ಈ ರೋಗಾಣುವಿಗೆ ತನ್ನದೇ ಹೆಸರು ಸಿಕ್ಕಿದ್ದು 2021ರಲ್ಲಿ, ಪುಣೆಯ ವಿಜ್ಞಾನಿಗಳ ತಂಡದಿಂದ: ಕ್ಯಾಂಡಿಡೇಟಸ್ ಫೈಟೊಪ್ಲಾಸ್ಮಾ ಸ್ಯಾಕರಿ. ಸ್ಯಾಕರಿ ಎಂದರೆ ಕಬ್ಬಿನದು. ತಕರಾರು ಇರುವುದು ಮೊದಲ ಪದದಲ್ಲಿ. ಹಿಂದೆ ರೋಮ್‌ನಲ್ಲಿ ಚುನಾವಣೆಗೆ ನಿಂತವನು ಬೆಳ್ಳಗೆ ಮಾಡಿದ ಹೊದಿಕೆ ಹೊದ್ದು ಮತ ಕೇಳುತ್ತಿದ್ದ, ಅವನೇ ಕ್ಯಾಂಡಿಡೇಟಸ್. ಅಂದರೆ ಉಮೇದುವಾರ, ಇನ್ನೂ ಗೆದ್ದಿಲ್ಲ. ಬಿಳಿ ಬಟ್ಟೆಯ ಉಮೇದುವಾರರನ್ನು ಮಂಡ್ಯದವರಿಗೆ ಪರಿಚಯಿಸಬೇಕಾಗಿಲ್ಲ ಬಿಡಿ.

ಗೆಲ್ಲದಿರುವುದಕ್ಕೆ ಕಾರಣ ಬ್ಯಾಕ್ಟೀರಿಯಾ ನಾಮಕರಣದ ಅಂತರರಾಷ್ಟ್ರೀಯ ನಿಯಮ. ಹೊಸ ಪ್ರಭೇದಕ್ಕೆ ಹೆಸರಿಡಬೇಕೆಂದರೆ ಅದನ್ನು ಬೇರೆ ಜೀವಿಯ ಬೆರಕೆ ಇಲ್ಲದಂತೆ ಪ್ರಯೋಗಾಲಯದಲ್ಲಿ ಬೆಳೆಸಿ, ಆ ತಳಿಯನ್ನು ಜೀವಂತವಾಗಿ ಕಾಪಿಡಬೇಕು. 2001ರಿಂದೀಚೆಗೆ ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಯಾರು ಯಾವುದಕ್ಕೆ ಏನೆಂದು ಹೆಸರಿಟ್ಟರೋ ತಿಳಿಯದಷ್ಟು ಗೋಜಲಾಗಿ, 1980ರಲ್ಲಿ ಹಳೆಯ ಹೆಸರುಗಳ ರಾಶಿಯನ್ನೇ ಕೊಡವಿ, ಎರಡು ಸಾವಿರ ಚಿಲ್ಲರೆ ಹೆಸರುಗಳನ್ನು ಮಾತ್ರ ಉಳಿಸಿಕೊಂಡಿದ್ದರು.

ಫೈಟೊಪ್ಲಾಸ್ಮಾ ಬ್ಯಾಕ್ಟೀರಿಯಾವೇ ಆದರೂ ಈ ನಿಯಮಕ್ಕೆ ಒಗ್ಗುವ ಜೀವಿಯಲ್ಲ. ಅದಕ್ಕೆ ಕೋಶದ ಗೋಡೆಯಿಲ್ಲ. ಗಿಡದೊಳಗೆ ಸಿಹಿ ಹರಿಯುವ ನಾಳಗಳಲ್ಲಿ, ಇಲ್ಲವೇ ರಸ ಹೀರುವ ಜಿಗಿಹುಳುವಿನ ಮೈಯಲ್ಲಿ ಮಾತ್ರ ಬಾಳುತ್ತದೆ. ಬದುಕಿಗೆ ಬೇಕಾದ ಎಷ್ಟೋ ವಂಶವಾಹಿಗಳನ್ನು ಕಳೆದುಕೊಂಡು ಎಲ್ಲವನ್ನೂ ಮನೆಯೊಡೆಯನಿಂದಲೇ ಕಡ ತರುವ ಒಕ್ಕಲು ಅದು.

ಮೈಸೂರು ಸೀಮೆಗೆ ಈ ಕುಲದ ಪರಿಚಯ ಹಳೆಯದು. 1899ರಲ್ಲಿ ಕೊಡಗಿನ ಗಂಧದ ಮರಗಳಲ್ಲಿ ಸ್ಪೈಕ್ ರೋಗ ಕಾಣಿಸಿಕೊಂಡಿತು. ಎಲೆಗಳು ಚಿಕ್ಕದಾಗಿ, ಸೆಟೆದು ನಿಂತು, ಕೆಲವೇ ವರ್ಷಗಳಲ್ಲಿ ಮರ ಒಣಗುತ್ತಿತ್ತು. ಮೈಸೂರು ಸಂಸ್ಥಾನಕ್ಕೆ ಗಂಧವೆಂದರೆ ಬೊಕ್ಕಸ. ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ರೋಗದ ಮರದ ಕುಡಿಯನ್ನು ಒಳ್ಳೆಯ ಗಿಡಕ್ಕೆ ಕಸಿ ಕಟ್ಟಿ ನೋಡಿದರು. ಕಸಿಯ ಜೊತೆ ರೋಗವೂ ದಾಟಿತು. 1917ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಮಂಡ್ಯದ ಸಕ್ಕರೆ ಕಂಪನಿ ಕಟ್ಟಲು ದುಡಿದವರೂ ಇದೇ ಕೋಲ್ಮನ್. ಗಂಧದಲ್ಲಿ ಅವರು ಬೆನ್ನಟ್ಟಿದ ಜೀವಿಯ ದಾಯಾದಿಯೇ ಕಬ್ಬಿನಲ್ಲೂ ಕೂರುತ್ತದೆಂದು ಆಗ ಯಾರಿಗೆ ಗೊತ್ತಿತ್ತು!

ಕಣ್ಣಿಗೆ ಏನೂ ಕಾಣದ್ದರಿಂದ ವೈರಸ್ಸಿನ ಮೇಲೆ ಗುಮಾನಿ ಹೋಯಿತು. ಐವತ್ತು ವರ್ಷಗಳ ಮೇಲೆ, 1967ರಲ್ಲಿ, ಜಪಾನಿನ ಯೋಜಿ ದೋಯಿ ಮತ್ತು ಸಂಗಡಿಗರು ಗಿಡ್ಡ ರೋಗ ತಗುಲಿದ ಹಿಪ್ಪುನೇರಳೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ವೈರಸ್ ಅಲ್ಲ, ಗೋಡೆಯಿಲ್ಲದ ಬ್ಯಾಕ್ಟೀರಿಯಾ. 1969ರಲ್ಲಿ ಗಂಧದಲ್ಲೂ ಅಂಥದೇ ಸಿಕ್ಕಿತು. ಬ್ಯಾಕ್ಟೀರಿಯಾ ತಡೆಯುವ ಟೆಟ್ರಾಸೈಕ್ಲಿನ್ ಕೊಟ್ಟರೆ ರೋಗದ ಲಕ್ಷಣ ತಗ್ಗುತ್ತಿತ್ತು. ಕಣ್ಣಾರೆ ಕಂಡಿದ್ದಾಯಿತು, ಮದ್ದು ನಾಟಿದ್ದೂ ಆಯಿತು, ಹೆಸರು ಮಾತ್ರ ಇಲ್ಲ. ಬೆಳೆಸಲಾಗದ ಇಂಥವಕ್ಕಾಗಿ ಕ್ಯಾಂಡಿಡೇಟಸ್ ಎಂಬ ಜಗಲಿ ಹಾಕಿಕೊಟ್ಟದ್ದು 1990ರ ದಶಕದಲ್ಲಿ. ಒಳಗೆ ಕರೆಯುವಂತಿಲ್ಲ, ಹೊರಗೂ ಅಟ್ಟುವಂತಿಲ್ಲ.

ಕಬ್ಬಿನ ರೋಗಾಣುವನ್ನು ಒಂದೇ ಒಂದು ವಂಶವಾಹಿಯ ಹೋಲಿಕೆಯ ಮೇಲೆ ಬಹುಕಾಲ ಭತ್ತದ ರೋಗಾಣುವಿನ ಬಳಗಕ್ಕೆ ಸೇರಿಸಿದ್ದರು. 2020ರಲ್ಲಿ ಅದರ ಇಡೀ ವಂಶವಾಹಿ ಸಂಚಯದ, ಅಂದರೆ ಜೀನೋಮಿನ, ಕರಡು ಬಂತು. ಜೊತೆಗೇ ಬಂದದ್ದು ಗರಿಕೆಯನ್ನು ಬಿಳಿಚಿಸುವ ರೋಗಾಣುವಿನದು. ಹೌದು, ಗಣಪತಿಗೆ ಏರಿಸುವ ಅದೇ ಗರಿಕೆ. ಹೋಲಿಸಿ ನೋಡಿದಾಗ ಕಬ್ಬಿನದು ಬೇರೆಯೇ ಎಂದು ತೋರಿತು.

ಹಾಗಾದರೆ ಜೀನೋಮನ್ನೇ ಸಾಕ್ಷಿಯೆಂದು ಒಪ್ಪಬಾರದೇಕೆ? ಕೆಲವು ವಿಜ್ಞಾನಿಗಳ ಈ ಬೇಡಿಕೆಯನ್ನು ನಾಮಕರಣದ ಸಮಿತಿ 2020ರಲ್ಲಿ ತಳ್ಳಿಹಾಕಿತು. ಬೇಡಿಕೆಯಿಟ್ಟವರು ಸುಮ್ಮನೆ ಕೂರಲಿಲ್ಲ. 2022ರಲ್ಲಿ ಸೀಕ್‌ಕೋಡ್ ಎಂಬ ಬೇರೆಯದೇ ನಿಯಮಾವಳಿ ತಂದರು. ಹಳೆಯ ನಿಯಮ ಸ್ವಾಧೀನದಲ್ಲಿರುವವನಿಗೇ ಖಾತೆ ಎನ್ನುತ್ತದೆ. ಹೊಸದು ಪತ್ರ ಸರಿಯಿದ್ದರೆ ಸಾಕು ಎನ್ನುತ್ತದೆ. ಎರಡು ಕಚೇರಿಯಲ್ಲಿ ಎರಡು ದಾಖಲೆ ಇದ್ದರೆ ಏನಾಗುತ್ತದೆಂದು ಜಮೀನಿನ ವ್ಯಾಜ್ಯ ಕಂಡವರಿಗೆ ಗೊತ್ತು.

ಹಳಬರ ಆಕ್ಷೇಪದಲ್ಲಿ ಹುರುಳಿದೆ. ಕಂಪ್ಯೂಟರಿನಲ್ಲಿ ಚೂರು ಚೂರು ಜೋಡಿಸಿದ ಜೀನೋಮಿನಲ್ಲಿ ಬೇರೆ ಜೀವಿಯ ಚೂರು ಸೇರಿರಬಹುದು. ಅದರ ಮೇಲೆ ಔಷಧಿ ಪರೀಕ್ಷಿಸಲು ಬರುವುದಿಲ್ಲ. ಆದರೂ ನನ್ನ ಒಲವು ಹೊಸಬರ ಕಡೆಗೇ. ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ನಮ್ಮ ತಟ್ಟೆಯಲ್ಲಿ ಉಣ್ಣಲೊಲ್ಲ ಎಂದ ಮಾತ್ರಕ್ಕೆ ಅತಿಥಿ ಬಂದೇ ಇಲ್ಲ ಎನ್ನಲಾದೀತೇ?

ಹೆಸರಿನ ಜಗಳ ಏನೇ ಇರಲಿ, ಕಬ್ಬಿನ ಈ ರೋಗ ಹರಡುವುದು ಮುಖ್ಯವಾಗಿ ಬಿತ್ತನೆಯ ತುಂಡಿನಿಂದ. ಹಾಗಾಗಿ ಕೃಷಿ ವಿಜ್ಞಾನಿಗಳು ಹೇಳುವ ಉಪಾಯ ಹೆಸರಿಗೆ ಕಾಯುವಂಥದ್ದಲ್ಲ: ಹುಲ್ಲಾದ ಬುಡವನ್ನು ಕಿತ್ತು ಸುಡುವುದು, ಬೀಜದ ಕಬ್ಬಿನ ತುಂಡುಗಳನ್ನು 50 ಡಿಗ್ರಿ ಬಿಸಿನೀರಿನಲ್ಲಿ ಎರಡು ತಾಸು ಇಡುವುದು. ಬಿಸಿ ಸಾಲದಿದ್ದರೆ ರೋಗಾಣು ಉಳಿಯುತ್ತದೆ. ಹದ ಮೀರಿದರೆ ಮೊಳೆಯಬೇಕಾದ ಕಣ್ಣೇ ಬೆಂದುಹೋಗುತ್ತದೆ.