ಹೆರಾಲ್ಡಿಗೆ ಹೊಸ ಮೂತಿ

ನಮ್ಮ ಶೆಡ್ಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ನಮ್ಮ ಮಾವನವರು ಮದ್ರಾಸಿಗೆ ಬಂದ ಹೊಸದರಲ್ಲಿ, 1969ರಲ್ಲಿ ಕೊಂಡದ್ದು. ನಿಮ್ಮಲ್ಲಿ ಅನೇಕರು ಈ ಹೆಸರನ್ನೇ ಕೇಳಿರಲಿಕ್ಕಿಲ್ಲ. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಹೊರತಂದ ಹೆರಾಲ್ಡಿಗೆ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. 1961ರಿಂದ ಅದು ನಮ್ಮ ಮದ್ರಾಸಿನಲ್ಲೇ ತಯಾರಾಗತೊಡಗಿತು. ಅದರ ವಿಶೇಷವೆಲ್ಲ ಮೂತಿಯಲ್ಲಿದೆ. ಬಾನೆಟ್ಟು, ಮಡ್‌ಗಾರ್ಡು, ಹೆಡ್‌ಲೈಟು, ಗ್ರಿಲ್ಲು ಎಲ್ಲ ಒಂದೇ ತುಂಡಾಗಿ ಮುಂದಕ್ಕೆ ಬಾಗುತ್ತವೆ. ಮುಂದಿನ ಚಕ್ರದ ಮೇಲೆ ಕುಳಿತು ಎಂಜಿನ್ ರಿಪೇರಿ ಮಾಡಬಹುದು!

ಆದರೆ ಸಮುದ್ರದ ಗಾಳಿ ತಗಡನ್ನು ಬಿಟ್ಟೀತೆ? ಹೆಡ್‌ಲೈಟಿನ ಸುತ್ತ ಟಿಂಕರ್ ಹಾಕಿದ ತೇಪೆಯ ಮೇಲೆ ಇನ್ನೊಂದು ತೇಪೆ. ಬದಲಿ ಮೂತಿ ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಮಗ, "ಫೈಬರ್ ಗ್ಲಾಸಿನಲ್ಲಿ ನಾನೇ ಮಾಡ್ತೀನಮ್ಮ" ಎಂದ.

ನಮ್ಮ ಅತ್ತೆಯವರು ಒಂದೇ ಮಾತಿನಲ್ಲಿ ಕೇಳಿದರು: "ನಿಮ್ಮ ತಾತ ಓಡಿಸಿದ ಕಾರಿಗೆ ಪ್ಲಾಸ್ಟಿಕ್ ಮೂತಿ ಹಾಕ್ತೀಯೇನೋ?"

ನನಗೂ ಅಳುಕಿತ್ತು. ಎಲ್ಲ ಕಾರಿಗೂ ಇದು ಆಗುವ ಕೆಲಸವಲ್ಲ. ಫಿಯೆಟ್, ಅಂಬಾಸಿಡರ್‌ಗಳಲ್ಲಿ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಅಲ್ಲಿ ಮುಂಭಾಗ ಕತ್ತರಿಸಿದರೆ ಕಾರಿನ ಬಲವೇ ಹೋಗುತ್ತದೆ. ಹೆರಾಲ್ಡಿಗೆ ಚಾಸಿ ಬೇರೆಯೇ ಇದೆ, ಮೂತಿ ಅದಕ್ಕೆ ಬೋಲ್ಟು ಹಾಕಿದ ಮುಚ್ಚಳ ಅಷ್ಟೆ. ಇಷ್ಟು ತಿಳಿದ ಮೇಲೆ ನಾನು ಒಪ್ಪಿದೆ.

2004ರ ಸುನಾಮಿಯ ನಂತರ ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿಗಳು ಬಹಳ ಹೆಚ್ಚಿದವು. ಕಾಸಿಮೇಡಿನಲ್ಲಿ ಅಂಥ ದೋಣಿ ರಿಪೇರಿ ಮಾಡುವವರೊಬ್ಬರ ಬಳಿ ಮಗ ಕೆಲವು ಭಾನುವಾರ ಕೈಕೆಲಸ ಕಲಿತು ಬಂದ. ಹಳೆಯ ಮೂತಿಯ ತಗ್ಗುಗಳನ್ನು ತುಂಬಿ, ನುಣ್ಣಗೆ ಉಜ್ಜಿ, ಅದರ ಮೇಲಿಂದ ಅಚ್ಚು ತೆಗೆಯಬೇಕು. ಅಚ್ಚನ್ನು ಎರಡು ಮೂರು ಭಾಗ ಮಾಡಿ ಏಕೆ ಬೋಲ್ಟು ಹಾಕಬೇಕೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅತ್ತೆ ಕೋಪದಲ್ಲೇ ಎದ್ದುಹೋಗಿ, ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮಣೆಗಳನ್ನು ತಂದು ಮುಂದಿಟ್ಟರು. ಆನೆ, ತೇರು, ತುಳಸಿಕಟ್ಟೆ! ಎರಡು ಹೋಳು ಕೂಡಿಸಿ ದಾರ ಸುತ್ತಿ ಪಾಕ ಹೊಯ್ಯುತ್ತೇವಲ್ಲ, ಹೋಳು ಬಿಚ್ಚದಿದ್ದರೆ ಆನೆಯ ಸೊಂಡಿಲು ಹೊರಗೆ ಬಂದೀತೆ? ಗ್ರಿಲ್ಲಿನ ಒಳಬಾಗಿದ ಅಂಚಿಗೂ ಅದೇ ತೊಂದರೆ. ಸಕ್ಕರೆ ಅಂಟದಿರಲು ಮಣೆಯನ್ನು ನೀರಿನಲ್ಲಿ ನೆನೆಸುತ್ತೇವೆ, ಇಲ್ಲಿ ಮೇಣ ಹಚ್ಚಿ ತಿಕ್ಕುತ್ತಾರೆ. ವ್ಯತ್ಯಾಸ ಅಷ್ಟೇ.

ಮೊದಲು ಅಚ್ಚಿಗೆ ಜೆಲ್‌ಕೋಟ್. ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಉಣಿಸಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತುವುದು, ಹೀಗೆ ಮೂರು ಪದರ. ರೆಸಿನ್ನಿಗೆ ಬೆರೆಸುವ ಆಕ್ಸಲರೇಟರ್, ಕ್ಯಾಟಲಿಸ್ಟ್ ಎಂಬ ಎರಡು ದ್ರವಗಳನ್ನು ಯಾವ ಕಾರಣಕ್ಕೂ ಒಂದಕ್ಕೊಂದು ನೇರವಾಗಿ ಸೇರಿಸಬಾರದು, ಸಿಡಿಯುತ್ತದೆ. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಆ ಬಾಟಲಿಗಳನ್ನು ನಾನೇ ಬೇರೆ ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದೆ. ಕೆಲಸವೆಲ್ಲ ತಾರಸಿಯ ಮೇಲೆ, ಮುಖಕ್ಕೆ ಮಾಸ್ಕ್, ತುಂಬು ತೋಳಿನ ಅಂಗಿ. ಆದರೂ ಉಜ್ಜಿದ ದಿನ ಗಾಜಿನ ಧೂಳಿಗೆ ಮೈಯೆಲ್ಲ ತುರಿಕೆ.

ಮೊದಲನೆಯದು ಕೆಟ್ಟಿತು. ಆತುರ ಅವನದೇ. ಎರಡೇ ದಿನಕ್ಕೆ ಅಚ್ಚಿನಿಂದ ಬಿಡಿಸಿ ಮೇ ತಿಂಗಳ ಬಿಸಿಲಿಗೆ ಒರಗಿಸಿದ, ಅದು ಸೊಟ್ಟಗಾಯಿತು. ಬಾಗಿಲಿನ ಅಂಚಿನಲ್ಲಿ ನನ್ನ ಕಿರುಬೆರಳು ತೂರುವಷ್ಟು ಸಂದು! ಒಂದು ವಾರ ಯಾರೊಂದಿಗೂ ಮಾತಿಲ್ಲ. ಎರಡನೆಯದು ಇನ್ನೂ ಅಚ್ಚಿನಲ್ಲಿರುವಾಗಲೇ ಕಬ್ಬಿಣದ ಪೈಪಿನ ಚೌಕಟ್ಟನ್ನು ಒಳಗೆ ಕೂರಿಸಿ ಪದರದಿಂದ ಬೆಸೆದ. ಕೀಲುಗಳೂ ಆ ಚೌಕಟ್ಟಿಗೇ, ಬರಿಯ ಫೈಬರಿಗೆ ಹಾಕಿದರೆ ಬಿರಿಯುತ್ತದೆ.

ದೀಪಾವಳಿಯ ಸಂಜೆ ಕಾರು ಹೊರಟಿತು. ಹೆಡ್‌ಲೈಟು ಮಾತ್ರ ಹತ್ತಲಿಲ್ಲ. ನಮ್ಮ ಕಾರಿನಲ್ಲಿ ದೀಪದ ಅರ್ಥಿಂಗ್ ತಗಡಿನ ಮೂಲಕವೇ ಇತ್ತು, ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲವಲ್ಲ! ಚಾಸಿಗೆ ಬೇರೆ ವೈರ್ ಎಳೆದ ಮೇಲೆಯೇ ಬೆಳಕು ಬಂದದ್ದು.

ಹಳೆಯ ಮೂತಿಯನ್ನು ಗುಜರಿಗೆ ಕೊಡಬಾರದೆಂದು ಅತ್ತೆಯ ಹಟ. ಅದೇ ಒಳ್ಳೆಯದಾಯಿತು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ಈಗ ಅದು ಶೆಡ್ಡಿನ ಗೋಡೆಗೆ ತೂಗಿದೆ. ಮಗ ಅದಕ್ಕೆ ತಿಂಗಳಿಗೊಮ್ಮೆ ಎಣ್ಣೆ ಸವರುತ್ತಾನೆ, ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ಹೊದಿಸಿದ್ದಾರೆ. ನೋಡಬೇಕೆನಿಸಿದವರು ಭಾನುವಾರ ಬನ್ನಿ, ಕಾಫಿ ಕೊಡುತ್ತೇನೆ. ರೆಸಿನ್ ಕಲಸುವ ದಿನ ಮಾತ್ರ ಬೇಡ.