ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು: ಬಿಎಸ್4 ತಗೊಳ್ಳೋದಾ, ಬಿಎಸ್6 ತಗೊಳ್ಳೋದಾ?

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ.

ತುಮಕೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಕಳೆದ ತಿಂಗಳು ಫೋನ್ ಮಾಡಿದ್ದ. "ಅಣ್ಣಾ, ಎರಡು ಕಾರು ನೋಡಿದ್ದೀನಿ. ಎರಡೂ ಡೀಸೆಲ್, ಮಾಡೆಲ್ ಒಂದೇ. ಒಂದು 2018ರದ್ದು, ಬಿಎಸ್4. ಇನ್ನೊಂದು 2021ರದ್ದು, ಬಿಎಸ್6. ಅದಕ್ಕೆ ಒಂದೂವರೆ ಲಕ್ಷ ಜಾಸ್ತಿ ಹೇಳ್ತಿದ್ದಾರೆ. ಸಾಲ ಮಾಡಿಯಾದ್ರೂ ಹೊಸದನ್ನೇ ತಗೊಳ್ಳಲಾ?" ಅಂದ. ನಾಲ್ಕು ವರ್ಷ ಕೂಡಿಟ್ಟ ದುಡ್ಡು ಅದು. ಚಿಕ್ಕಮ್ಮನನ್ನು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರೋದು ಅವರಿಗೆ ಆಗಲ್ಲ. ದಾರಿಯಲ್ಲಿ ಕೈಕೊಡೋ ಕಾರು ಆ ಮನೆಗೆ ಬೇಡ.

ನಾನು ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಎಲ್ಲಿಗೆ, ಎಷ್ಟು ದೂರ ಓಡಿಸ್ತೀಯಾ?"

ಈ ಪ್ರಶ್ನೆಯನ್ನ ನಾನು ಕಾರು ತಗೊಳ್ಳುವಾಗ ನನಗೆ ಯಾರೂ ಕೇಳಿರಲಿಲ್ಲ. ನಾನೂ ಒಂದು ಹಳೇ ಬಿಎಸ್6 ಡೀಸೆಲ್ ತಗೊಂಡಿದ್ದೆ. ಮನೆಯಿಂದ ಆಫೀಸಿಗೆ ಆರು ಕಿಲೋಮೀಟರ್, ಪೂರ್ತಿ ಬೆಂಗಳೂರಿನ ಟ್ರಾಫಿಕ್. ಎಂಟು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬಂತು. ಆಮೇಲೆ ಪಿಕಪ್ ಹೋಯ್ತು. ಸರ್ವಿಸ್ ಸೆಂಟರ್‌ನ ಬಿಲ್ಲು ನನ್ನ ಒಂದು ತಿಂಗಳ ಸಂಬಳವನ್ನೇ ನುಂಗಿತು. ಕಾರಿನ ತಪ್ಪೇನೂ ಇರಲಿಲ್ಲ. ನನ್ನ ದಾರಿಗೆ ಅದು ಸರಿಯಾದ ಕಾರಾಗಿರಲಿಲ್ಲ, ಅಷ್ಟೇ.

ಯಾಕೆ ಅಂತ ಹೇಳ್ತೀನಿ. ಬಿಎಸ್ ಅಂದರೆ ಭಾರತ್ ಸ್ಟೇಜ್. ಗಾಡಿಯ ಹೊಗೆಯಲ್ಲಿ ಎಷ್ಟು ವಿಷ ಇರಬಹುದು ಅನ್ನೋದಕ್ಕೆ ಸರ್ಕಾರ ಹಾಕಿರುವ ಮಿತಿ ಅದು. ದೇಶದಾದ್ಯಂತ ಬಿಎಸ್4 ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಬಿಎಸ್5 ಅನ್ನು ಬಿಟ್ಟು ನೇರವಾಗಿ 2020ರ ಏಪ್ರಿಲ್ 1ರಿಂದ ಬಿಎಸ್6 ಬಂತು. ಬಿಎಸ್4 ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂವರೆಗೆ ಮಸಿ ಕಣ ಬಿಡಬಹುದಿತ್ತು. ಬಿಎಸ್6ರಲ್ಲಿ ಆ ಮಿತಿ 4.5 ಮಿಲಿಗ್ರಾಂ. ನೈಟ್ರೋಜನ್ ಆಕ್ಸೈಡ್‌ಗಳ ಮಿತಿ 250ರಿಂದ 80 ಮಿಲಿಗ್ರಾಂಗೆ ಇಳೀತು.

ಇಷ್ಟು ಇಳಿಸೋಕೆ ಕಂಪನಿಗಳು ಎಂಜಿನ್ನಿನ ಹೊಗೆ ಹೋಗುವ ದಾರಿಯಲ್ಲಿ ಒಂದು ಫಿಲ್ಟರ್ ಇಟ್ಟವು. ಅದೇ ಡಿಪಿಎಫ್, ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ನಮ್ಮಲ್ಲಿನ ಬಹುತೇಕ ಬಿಎಸ್4 ಕಾರುಗಳಲ್ಲಿ ಇದು ಇಲ್ಲ. ಟೀ ಸೋಸೋ ಜಾಲರಿ ಇದೆಯಲ್ಲ, ಹಾಗೇ ಇದು ಹೊಗೆಯಲ್ಲಿನ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತೆ. ಜಾಲರಿ ತುಂಬಿದರೆ ನಾವು ತೊಳೀತೀವಿ. ಡಿಪಿಎಫ್ ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಹೈವೇಯಲ್ಲಿ ಒಂದೇ ವೇಗದಲ್ಲಿ 15-20 ನಿಮಿಷ ಓಡಿಸಿದರೆ ನಮಗೆ ಗೊತ್ತೇ ಆಗದಂತೆ ಈ ಕೆಲಸ ಮುಗಿದುಹೋಗುತ್ತೆ.

ಆದರೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳೋ ಕಾರಿನಲ್ಲಿ ಅಷ್ಟು ಬಿಸಿ ಬರಲ್ಲ. ಆಗ ಕಂಪ್ಯೂಟರ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಸುರಿದು ಬಿಸಿ ಮಾಡೋಕೆ ನೋಡುತ್ತೆ. ಅಷ್ಟರಲ್ಲಿ ನಾವು ಆಫೀಸು ಬಂತು ಅಂತ ಎಂಜಿನ್ ಆಫ್ ಮಾಡಿರ್ತೀವಿ. ಅರ್ಧಕ್ಕೇ ನಿಂತ ಕೆಲಸ ಮರುದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲ್ಲುತ್ತೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಸೇರಿಕೊಳ್ಳುತ್ತೆ. ಆಯಿಲ್ ತೆಳ್ಳಗಾಗುತ್ತೆ. ಅಲ್ಲಿಗೆ ಫಿಲ್ಟರ್ ಜೊತೆ ಎಂಜಿನ್ನಿಗೂ ಪೆಟ್ಟು.

ಹಾಗಾದರೆ ಬಿಎಸ್4 ಒಳ್ಳೇದಾ? ಅದರಲ್ಲಿ ಕೆಡೋ ಭಾಗ ಕಡಿಮೆ, ಬೆಲೆಯೂ ಕಡಿಮೆ. ನಗರ, ಹೈವೇ ಎರಡೂ ಬೆರೆತ ಓಡಾಟವನ್ನ ಸುಲಭವಾಗಿ ತಡ್ಕೊಳ್ಳುತ್ತೆ. ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು, ಹಾಗಾಗಿ ನಿಮಗೆ ಸ್ವಿಫ್ಟ್ ಡೀಸೆಲ್ಲೇ ಬೇಕು ಅಂದ್ರೆ ಬಿಎಸ್6 ಸಿಗೋದೇ ಇಲ್ಲ. ಟಾಟಾ ನೆಕ್ಸಾನ್, ಇನ್ನೋವಾ ಕ್ರಿಸ್ಟಾದಂಥವು ಎರಡರಲ್ಲೂ ಸಿಗುತ್ತವೆ. ಆದರೆ ಬಿಎಸ್4ಗೆ ವಯಸ್ಸಾಗಿದೆ. ಟರ್ಬೊ, ಇಂಜೆಕ್ಟರ್, ಕ್ಲಚ್‌ಗೆ ಖರ್ಚು ಬರೋ ಕಾಲ ಇದು. ದೆಹಲಿಯಲ್ಲಿ ಗಾಳಿ ತೀರಾ ಕೆಟ್ಟಾಗ ಬಿಎಸ್4 ಡೀಸೆಲ್ ಕಾರುಗಳನ್ನು ರಸ್ತೆಗೆ ಬಿಡಲ್ಲ. ಕರ್ನಾಟಕದಲ್ಲಿ ಅಂಥ ನಿಯಮ ಇಲ್ಲ. ಆದರೂ ನಮ್ಮ ಹಿಂದೆ ಬೈಕಿನಲ್ಲಿ ಬರೋರ ಮೂಗಿಗೆ ಹೋಗೋ ಹೊಗೆ ನಮ್ಮದೇ ಅನ್ನೋದು ನೆನಪಿರಲಿ.

ನನ್ನ ಲೆಕ್ಕ ಇಷ್ಟು. ದಿನಾ ಹೈವೇಯಲ್ಲಿ ಅರ್ಧ ಗಂಟೆಯಾದರೂ ಓಡುತ್ತೆ ಅಂದ್ರೆ ಬಿಎಸ್6. ಊರೊಳಗಿನ ಓಡಾಟ, ವಾರಕ್ಕೆರಡು ಸಲ ದೂರ ಪ್ರಯಾಣ, ಬಜೆಟ್ ಬಿಗಿ ಅಂದ್ರೆ ಚೆನ್ನಾಗಿ ನೋಡಿಕೊಂಡಿರೋ ಬಿಎಸ್4. ದಿನಾ ಐದಾರು ಕಿಲೋಮೀಟರ್ ಮಾತ್ರ ಅಂದ್ರೆ ಎರಡೂ ಬೇಡ, ಪೆಟ್ರೋಲ್ ನೋಡಿ.

ಇನ್ನು ಕಾರು ನೋಡೋಕೆ ಹೋದಾಗ ಏನು ಮಾಡಬೇಕು? ಮೊದಲು ಆರ್‌ಸಿ ನೋಡಿ. ವರ್ಷ ನೋಡಿ ಬಿಎಸ್6 ಅಂದ್ಕೋಬೇಡಿ. 2020ರ ಶುರುವಿನಲ್ಲಿ ನೋಂದಣಿಯಾದ ಬಿಎಸ್4 ಕಾರುಗಳೂ ಇವೆ. ಎರಡನೇದು, ಎಂಜಿನ್ ತಣ್ಣಗಿರುವಾಗಲೇ ಹೋಗಿ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಆ ಕಾರು ಟ್ರಾಫಿಕ್‌ನಲ್ಲೇ ಸವೆದಿದೆ ಅಂತ ಅನುಮಾನ ಪಡಿ. ಮೂರನೇದು, ಪರಿಚಯದ ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಹಾಕಿಸಿ. ಫಿಲ್ಟರ್‌ನಲ್ಲಿ ಎಷ್ಟು ಮಸಿ ಕೂತಿದೆ ಅಂತ ಬಹಳಷ್ಟು ಕಾರುಗಳಲ್ಲಿ ಅದರಲ್ಲೇ ಕಾಣುತ್ತೆ. ನಾಲ್ಕನೇದು, "ಡಿಪಿಎಫ್ ತೆಗೆಸಿಬಿಟ್ಟಿದ್ದೀವಿ ಸಾರ್, ಇನ್ನು ತೊಂದರೆನೇ ಇಲ್ಲ" ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಗಾಡಿಯ ಮೂಲ ವಿನ್ಯಾಸವನ್ನು ಹಾಗೆ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆ ಒಪ್ಪಲ್ಲ.

ತಮ್ಮನ ವಿಷಯಕ್ಕೆ ಬರ್ತೀನಿ. ಅವನ ಕೆಲಸ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ. ದಿನಾ ಹೋಗ್ತಾ ಬರ್ತಾ ಹೈವೇ. ನನಗೆ ಕಾಟ ಕೊಟ್ಟ ಬಿಎಸ್6 ಅವನಿಗೆ ಸರಿಹೋಗುತ್ತೆ ಅಂತ ಹೇಳಿದೆ. ಭಾನುವಾರ ಇಬ್ಬರೂ ಹೋಗಿ ಆ 2021ರ ಕಾರಿನ ಡಿಪ್‌ಸ್ಟಿಕ್ ಎಳೆದ್ವಿ. ಆಯಿಲ್ ಗೆರೆಗಿಂತ ಒಂದು ಬೆರಳು ಮೇಲಿತ್ತು. ಅವನು ನನ್ನ ಮುಖ ನೋಡಿದ. ಡೀಲರ್‌ಗೆ ಕೈಮುಗಿದು ಹೊರಟ್ವಿ.

ಅವನಿಗೆ ಬೇಜಾರಾಯ್ತು, ಬಣ್ಣ ಬಹಳ ಹಿಡಿಸಿತ್ತಂತೆ. ಇನ್ನೊಂದು ಬಿಎಸ್6 ಹುಡುಕ್ತಿದ್ದೀವಿ, ಹೈವೇ ಕಂಡಿರೋದು. ಅಲ್ಲೀವರೆಗೆ ಚಿಕ್ಕಮ್ಮನ ಆಸ್ಪತ್ರೆಗೆ ನನ್ನ ಕಾರೇ ಹೋಗಿ ಬರುತ್ತೆ. ತುಮಕೂರು ರಸ್ತೆಯಲ್ಲಿ ಓಡಿದ ಮೇಲೆ ಅದರ ಹಳದಿ ದೀಪವೂ ಮತ್ತೆ ಬಂದಿಲ್ಲ.

ನೀವು ದಿನಾ ಓಡಾಡೋ ದಾರಿ ಯಾವುದು, ಯಾವ ಕಾರು ನೋಡ್ತಿದ್ದೀರಿ, ನಮಗೆ ಬರೆದು ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.